ಕಿವಿಯ ವಿದ್ಯಾಭ್ಯಾಸ

ನಮ್ಮ ವಿದ್ಯಾರ್ಥಿನಿಲಯದ ನಾಯಿಮರಿಯ ವಿಷಯವಾಗಿ ಅನೇಕ ಪೋಷಕರು ಈ ವರ್ಷ ನಮ್ಮನ್ನು ವಿಚಾರಿಸಿರುವರು. ಕೆಲವರು ಕುತೂಹಲದಿಂದ, ಕೆಲವರು ಅಸಮಾಧಾನದಿಂದ. ನಮ್ಮ ಕಾಫಿ ಸೀಮೆಯ ತೋಟಗಳಲ್ಲಿ ನಾಯಿಯಿಲ್ಲದ ಮನೆ ವಿರಳವಾದುದರಿಂದ, ಉತ್ತರವನ್ನು ಈ ಸಂಚಿಕೆಯಲ್ಲಿಯೇ ಬರೆದರೆ ಆ ಮನೆಗಳಿಗೂ ಉಪಯೋಗವಾದೀತೆಂದು ಎಣಿಸಿದೆವು.

ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯು 1980ರಲ್ಲಿ ಪ್ರಕಟವಾಯಿತಷ್ಟೆ. ಅದರಲ್ಲಿ ಬರುವ ನಾಯಿಯ ಹೆಸರನ್ನೇ ಹತ್ತನೆಯ ತರಗತಿಯವರು ಈ ಮರಿಗೆ ಇಟ್ಟು ‘ಕಿವಿ’ ಎಂದು ಕರೆದರು. ಹೆಸರು ಕಿವಿಯಾದರೂ ಹೇಳಿದ್ದನ್ನು ಕೇಳುವ ಕಿವಿ ಅದಕ್ಕಿರಲಿಲ್ಲ. ಎಂಟು ತಿಂಗಳಾಗುವ ಹೊತ್ತಿಗೆ ಬುದ್ಧಿ ಮರಿಯದಾಗಿಯೂ ಬಲ ದೊಡ್ಡ ನಾಯಿಯದಾಗಿಯೂ ಇದ್ದಿತು. ಸಂಜೆ ಗಂಟೆಯಾಗಿ ಹುಡುಗಿಯರು ಹೊರಬಂದೊಡನೆ ಎದೆಯ ಮೇಲೆ ಹಾರುವುದು, ಲಂಗದ ಅಂಚನ್ನು ಕಚ್ಚಿ ಎಳೆಯುವುದು. ಅವರು ಕಿರಿಚಿ ಓಡಿದಷ್ಟೂ ಅದಕ್ಕೆ ಉತ್ಸಾಹ. ಕಳಸದ ಕಡೆಯ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಹೆದರಿ ರಾತ್ರಿಯ ಊಟಕ್ಕೆ ಬರುವುದನ್ನೇ ಬಿಟ್ಟಳು. ತೋಟವೊಂದರ ರೈಟರಾದ ಅವಳ ತಂದೆಯವರು, ನಾಯಿಯನ್ನು ಕಳುಹಿಸುವಿರೋ, ಮಗಳನ್ನು ನಾವು ಕರೆದೊಯ್ಯಬೇಕೋ ಎಂದು ಪತ್ರ ಬರೆದರು. ಪ್ರಶ್ನೆಯು ನ್ಯಾಯವಾದುದೇ. ಆ ಹುಡುಗಿಯು ಅಂಗಳ ದಾಟುವಾಗ ನಾಯಿ ಒಳಗಿರುವುದೆಂದು ಮಾತುಕೊಟ್ಟು, ಮೂರು ತಿಂಗಳ ಅವಕಾಶವನ್ನು ಕೇಳಿಕೊಂಡೆವು.

ಇಂತಹ ಸಂದರ್ಭದಲ್ಲಿ ಎಲ್ಲರೂ ಮೊದಲು ಹೇಳುವ ಉಪಾಯ ಸರಪಣಿ. ದಿನವೆಲ್ಲ ಕಟ್ಟಿಹಾಕಿದ ಎಳೆಯ ನಾಯಿಯು ಬಿಟ್ಟ ಕ್ಷಣವೇ ಮಳೆಗಾಲದ ಹೊಳೆಯಂತೆ ನುಗ್ಗುವುದು. ಅದನ್ನು ಕಂಡವರು ಇನ್ನೂ ಬಿಗಿಯಾಗಿ ಕಟ್ಟುವರು. 1960ರ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆಯು, ಬಹು ಹೊತ್ತು ತೀರ ಗಿಡ್ಡ ಸರಪಣಿಯಲ್ಲಿ ಕಟ್ಟಿಡುವುದನ್ನೂ, ಸದಾ ಕಟ್ಟಿದ ನಾಯಿಯನ್ನು ಓಡಾಡಿಸದಿರುವುದನ್ನೂ ಅಪರಾಧವೆಂದೇ ಹೇಳಿರುವುದು. ರಾತ್ರಿ ಹೊರಗೆ ಕಟ್ಟಿದ ನಾಯಿಯು ನಮ್ಮ ಕಡೆ ಚಿರತೆಗೆ ಸುಲಭದ ಆಹಾರವೆಂಬುದನ್ನು ತೋಟದವರಿಗೆ ನಾವು ಹೇಳಬೇಕಾದುದಿಲ್ಲ.

ಅಧ್ಯಾಪಕ ತರಬೇತಿ ಪಡೆದವರೆಲ್ಲರೂ ಥಾರ್ನ್‌ಡೈಕ್ ಪಂಡಿತರ ಹೆಸರನ್ನು ಓದಿರುವರು. ಅವರು ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ಪರೀಕ್ಷಿಸಿ 1898ರಲ್ಲಿ ಪ್ರಕಟಿಸಿದ ವಿಚಾರದ ಸಾರವಿಷ್ಟೆ: ಯಾವ ಕೆಲಸದಿಂದ ಪ್ರಾಣಿಗೆ ತೃಪ್ತಿ ದೊರೆವುದೋ ಆ ಕೆಲಸವನ್ನು ಅದು ಮತ್ತೆ ಮಾಡುವುದು. ಈ ದೃಷ್ಟಿಯಿಂದ ನೋಡಲಾಗಿ ನಮ್ಮ ಅಂಗಳದಲ್ಲಿ ಕಿವಿಗೆ ಉಪಾಧ್ಯಾಯರು ಬಹುಮಂದಿ ಇದ್ದರು. ಹಾರಿದರೆ ಹುಡುಗಿಯರು ನಗುವರು. ಅಡಿಗೆಯಮ್ಮನವರು ಸೌಟು ಹಿಡಿದು ಗದರಿಸುವರು. ಕಾವಲಿನ ಅಜ್ಜನವರು ‘ಬಾರೋ ಮಗನೆ’ ಎಂದು ತಲೆ ಸವರುವರು. ನಮಗೆ ಇವು ಮೂರು ಬೇರೆ ಬೇರೆ. ಆಟಕ್ಕೆ ಹಾತೊರೆಯುವ ನಾಯಿಗೆ ಮೂರೂ ಒಂದೇ, ಹಾರಿದರೆ ಜನ ತನ್ನತ್ತ ತಿರುಗುವರೆಂಬುದು.

ಆದುದರಿಂದ ನಿಲಯಕ್ಕೆಲ್ಲ ಒಂದೇ ನಿಯಮ ಮಾಡಿದೆವು. ಕಿವಿ ಹಾರಿದರೆ ಕೈಕಟ್ಟಿ, ಮಾತಿಲ್ಲದೆ ಬೆನ್ನು ತಿರುಗಿಸಬೇಕು. ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತ್ರ ಮಾತು, ಸವರುವಿಕೆ, ರೊಟ್ಟಿಯ ಚೂರು. ಮೊದಲ ವಾರದಲ್ಲಿ ಹಾರಾಟವು ತಗ್ಗುವ ಬದಲು ಹೆಚ್ಚಿತು. ಇದು ಸಹಜವಾದುದು; ಇದುವರೆಗೆ ಸಿಕ್ಕಿದ್ದು ಸಿಗದಿದ್ದರೆ ಪ್ರಾಣಿಯು ಇನ್ನಷ್ಟು ಜೋರಾಗಿ ಕೇಳಿಯೇ ಬಿಡುವುದು. ಬಹುಮಂದಿ ಸೋಲುವುದು ಈ ವಾರದಲ್ಲಿಯೇ. ಹತ್ತು ಸಲ ತಡೆದು ಹನ್ನೊಂದನೆಯ ಸಲ ಕರಗಿದರೆ, ಹನ್ನೊಂದು ಸಲ ಹಾರಬೇಕೆಂದು ಕಲಿಸಿದಂತಾಯಿತು. ಅಜ್ಜನವರಿಗೆ ಇದನ್ನು ಒಪ್ಪಿಸುವುದು ನಾಯಿಗೆ ಕಲಿಸುವುದಕ್ಕಿಂತ ಕಷ್ಟವಾಯಿತೆಂಬುದನ್ನು ಅವರೂ ಅಲ್ಲಗಳೆಯಲಾರರು.

ಬರಿಯ ಬೆನ್ನು ತಿರುಗಿಸಿದರೆ ಸಾಲದು. ನಾಯಿಗೆ ಮಾಡಲು ಕೆಲಸವೂ ಬೇಕು. ಹುಡುಗಿಯರು ಸರದಿಯಂತೆ ಬೆಳಗ್ಗೆ ಅದನ್ನು ಹಗ್ಗ ಹಿಡಿದು ನಡೆಯಿಸಿ, ಬೇಕಾದಷ್ಟು ಮೂಸಲು ಬಿಡುವರು. ಅದರ ಊಟದ ಅಕ್ಕಿ ರೊಟ್ಟಿಯನ್ನು ತಟ್ಟೆಯಲ್ಲಿಡದೆ ಚೂರು ಮಾಡಿ ಹುಲ್ಲಿನಲ್ಲಿ ಎರಚುವರು. ಹುಡುಕಿ ತಿನ್ನುವಷ್ಟರಲ್ಲಿ ಅದರ ಅರ್ಧ ಗಲಭೆ ಅಡಗುವುದು. ನಿದ್ದೆಯೂ ಮುಖ್ಯ. ಎಳೆಯ ನಾಯಿಯು ದಿನದ ಹೆಚ್ಚು ಭಾಗ ಮಲಗಬೇಕು. ನಿದ್ದೆಗೆಟ್ಟ ಮಗುವಿನಂತೆ ದಣಿದಾಗಲೇ ಅದು ಹೆಚ್ಚು ಕುಣಿಯುವುದು. ಮಧ್ಯಾಹ್ನ ಉಗ್ರಾಣದ ಮೂಲೆಯಲ್ಲಿ ಗೋಣಿ ಹಾಸಿದೆವು. ಅಲ್ಲಿ ಯಾರೂ ಎಬ್ಬಿಸಕೂಡದು. ಕೊಯ್ಲಿನ ಕಾಲದಲ್ಲಿ ಕಾಫಿ ಕಣಕ್ಕೆ ಮರಿಯನ್ನು ಬಿಡುವ ತೋಟದವರು ಒಂದನ್ನು ಗಮನಿಸಬೇಕು: ಕಾಫಿ ಬೀಜದ ಕೆಫೀನು ನಾಯಿಗೆ ವಿಷ. ಕಾರಣವಿಲ್ಲದೆ ಚಡಪಡಿಸಿ ನಡುಗುವ ನಾಯಿಯನ್ನು ಗದರದೆ ಪಶುವೈದ್ಯರಲ್ಲಿಗೆ ಒಯ್ಯಿರಿ.

ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ಕಿವಿಗೆ ಮೂರು ತಿಂಗಳಾದಾಗಲೇ ಹಾಕಿಸಿದ್ದೆವು. ಪ್ರತಿ ವರ್ಷವೂ ಹಾಕಿಸತಕ್ಕದ್ದು. ಯಾವ ನಾಯಿಯ ಹಲ್ಲು ಆಟದಲ್ಲಿ ತಾಗಿ ಗೀರಿದರೂ ಹರಿಯುವ ನೀರಿನಲ್ಲಿ ಸಾಬೂನಿನಿಂದ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಅರಿಸಿನ ಹಚ್ಚಿ ಕೂರುವ ಪದ್ಧತಿಯನ್ನು ದಯವಿಟ್ಟು ಬಿಡಿರಿ. ಈ ರೋಗವು ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು.

ಕಳಸದ ಹುಡುಗಿಯನ್ನು ನಾಯಿಯ ಬಳಿಗೆ ಯಾರೂ ಎಳೆಯಲಿಲ್ಲ. ಅವಳು ಕೆಲವು ವಾರ ಕಿಟಕಿಯ ಸರಳಿನೊಳಗಿಂದ ನೋಡಿದಳು. ಆಮೇಲೆ ಅಲ್ಲಿಂದಲೇ ರೊಟ್ಟಿಯ ಚೂರು ಎಸೆದಳು. ಎರಡನೆಯ ತಿಂಗಳ ಕೊನೆಗೆ ಜಗಲಿಯಲ್ಲಿ ನಿಂತು ಮೆಲ್ಲನೆ ‘ಕೂರು’ ಎಂದಳು. ಕಿವಿ ಕುಳಿತಿತು. ಕೊಯ್ಲು ಮುಗಿದ ಮೇಲೆ ಅವಳ ತಂದೆಯವರು ಬಂದಾಗ, ಅವರ ಮೇಲೆಯೇ ಅದು ಹಾರಲು ಹೊರಟಿತು. ‘ಅಪ್ಪಾ, ಕೈಕಟ್ಟಿ ಬೆನ್ನು ತಿರುಗಿಸಿ’ ಎಂದು ಮಗಳೇ ಹೇಳಿಕೊಟ್ಟಳು. ಅವರು ಹಾಗೆಯೇ ಮಾಡಿದರು.

ಹಳೆಯ ವಿದ್ಯಾರ್ಥಿನಿಯರ ಸಮ್ಮೇಳನಕ್ಕೆ ಬರುವವರಲ್ಲಿ ನಮ್ಮದೊಂದು ವಿಜ್ಞಾಪನೆ. ಗೇಟಿನಲ್ಲಿ ಕಿವಿ ನಿಮ್ಮನ್ನು ಎದುರುಗೊಳ್ಳುವುದು. ‘ಬಾ ಬಾ’ ಎಂದು ಚಪ್ಪಾಳೆ ತಟ್ಟಬೇಡಿರಿ, ಓಡಬೇಡಿರಿ. ಅದು ಕುಳಿತ ಮೇಲೆ ಮಾತನಾಡಿಸಿರಿ. ಚೀಲದಲ್ಲಿ ಚಾಕೊಲೇಟು ಇದ್ದವರು ಅದನ್ನು ಕಚೇರಿಯ ಮೇಜಿನ ಮೇಲಿಟ್ಟು ಒಳಗೆ ಬರಬೇಕು. ಅದೂ ನಾಯಿಗೆ ವಿಷವೇ.