ಫಿರಕಿ ಹಿಡಿಯುವವರು

2025ರ ಜನವರಿ 14, ಉತ್ತರಾಯಣ. ಧನುರ್ಮಾಸ ಕಳೆದುದರಿಂದ ಮರುದಿನವೇ ತಂದೆಯವರ ಭೀಮರಥ ಶಾಂತಿಯೆಂದು ಗೊತ್ತುಮಾಡಿದ್ದೆವು. ಅವರಿಗೆ ಎಪ್ಪತ್ತು ತುಂಬಿತ್ತು. ಅಹಮದಾಬಾದಿನ ನಮ್ಮ ಮನೆಗೆ ವಡೋದರೆಯಿಂದ ಅಕ್ಕ, ಸೂರತ್ತಿನಿಂದ ಚಿಕ್ಕಪ್ಪ ಬಂದಿದ್ದರು. ಗುಮಾಸ್ತರಾದ ನಾವು ರಜೆ ಹಾಕಿ, ಖರ್ಚಿನ ಪಟ್ಟಿ ಬರೆಯುತ್ತ ಕುಳಿತಿದ್ದೆವು.

ತಂದೆಯವರು ಮಾತ್ರ ತಾರಸಿಗೆ ಬರಲೊಲ್ಲರು. 1985ರಿಂದ ಅವರು ಗಾಳಿಪಟ ಹಾರಿಸಿದರೆ ದಾರದ ಫಿರಕಿ ಹಿಡಿದವರು ನೆರೆಮನೆಯ ಗುಜರಾತಿ ಗೆಳೆಯರು. ನಮ್ಮ ಎಳ್ಳು-ಬೆಲ್ಲ ಅತ್ತ ಹೋದರೆ ಅವರ ಊಂಧಿಯು ಇತ್ತ ಬರುತ್ತಿತ್ತು. ಕಳೆದ ದೀಪಾವಳಿಯ ನಂತರ ಅವರು ತೀರಿಕೊಂಡರು. ಈ ಸಲ ಊಂಧಿಯು ಬರಲಿಲ್ಲ.

“ಶಾಂತಿ ಬೇಡ. ಈ ಊರಿನಲ್ಲಿ ನನ್ನನ್ನು ಮೂವತ್ತರ ಪ್ರಾಯದಲ್ಲಿ ಕಂಡವನು ಅವನೊಬ್ಬ. ಎಪ್ಪತ್ತಾಯಿತೆಂದು ಇನ್ನು ಯಾರಿಗೆ ಹೇಳಲಿ?” ಎಂದರು.

ನಾವು ನಿರುತ್ತರರಾದೆವು. ಅಷ್ಟರಲ್ಲಿ ಗೆಳೆಯರ ಮೊಮ್ಮಗ ಬಾಗಿಲಲ್ಲಿ ನಿಂತು, “ದಾದಾ, ನನಗೆ ಫಿರಕಿ ಹಿಡಿಯುವವರಿಲ್ಲ” ಎಂದ. ತಂದೆಯವರು ಮಾತಿಲ್ಲದೆ ಎದ್ದು ಅವನ ಹಿಂದೆ ಮೆಟ್ಟಿಲು ಹತ್ತಿದರು.

ಸಂಜೆ ಇಳಿದು ಬಂದಾಗ ಅಂಗೈಯಲ್ಲಿ ಮಾಂಜಾದ ಬಣ್ಣ. “ನಾಳೆ ಆಗಲಿ. ಅವರ ಮನೆಯವರನ್ನು ಮೊದಲ ಪಂಕ್ತಿಗೇ ಕರೆಯಿರಿ” ಎಂದರು.

ನಮ್ಮ ಪಟ್ಟಿಗೆ ಐದು ಎಲೆ ಹೆಚ್ಚಾಯಿತು.