ನೀತಿಯ ಏಣಿ, ಒಂದು ಸೇರು ರಾಗಿ

ಕಳೆದ ವರ್ಷ ನಮ್ಮ ಸಂಘದಲ್ಲಿ ನೈತಿಕ ಮನೋವಿಜ್ಞಾನವನ್ನು ಕುರಿತು ಉಪನ್ಯಾಸವೊಂದು ನಡೆಯಿತು. ಅದರ ವಿಮರ್ಶೆಯನ್ನು ಬರೆಯುವ ಹೊಣೆ ನಮ್ಮ ಪಾಲಿಗೆ ಬಂದಿತು. ನಾಲ್ಕು ಪುಟ ಬರೆದು ಒಪ್ಪಿಸಿದೆವು. ಸಂಚಾಲಕರ ಮುಖ ಸಪ್ಪಗಾಯಿತು. “ಮೇಷ್ಟ್ರೇ, ಹಾರ ಹಾಕಿ ಶಾಲು ಹೊದಿಸಿ ಕಳಿಸಿದವರ ಮೇಲೆ ಹೀಗೆ ಬರೆಯುವುದೇ? ಉಪನ್ಯಾಸ ಬಹಳ ಚೆನ್ನಾಗಿತ್ತು ಎಂದರೆ ಸಾಲದೇ?” ಎಂದರು. ಸಾಲದು ಎಂದೆವು. ಅತಿಥಿಗೆ ಸಲ್ಲಬೇಕಾದ ಗೌರವ ಶಾಲಿನೊಡನೆ ಸಂದಿತ್ತು. ಅವರ ಮಾತಿಗೆ ಸಲ್ಲಬೇಕಾದದ್ದು ಇನ್ನೂ ಬಾಕಿಯಿತ್ತು.

ಉಪನ್ಯಾಸಕರು ಹೇಳಿದ್ದನ್ನು ಮೊದಲು ಅವರೇ ಒಪ್ಪುವಂತೆ ಸಂಗ್ರಹಿಸಿದೆವು. ಅಮೆರಿಕದ ಲಾರೆನ್ಸ್ ಕೋಲ್‌ಬರ್ಗ್ 1958ರಲ್ಲಿ ಷಿಕಾಗೋ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದಿಂದ ಮೊದಲುಗೊಂಡು, ನೈತಿಕ ವಿವೇಚನೆ ಆರು ಹಂತಗಳಲ್ಲಿ ಬೆಳೆಯುವುದೆಂಬ ಸಿದ್ಧಾಂತವನ್ನು ಕಟ್ಟಿದರು. ದಂಡನೆಯ ಭಯ ಮೊದಲನೆಯ ಹಂತ; ತನ್ನವರ ದೃಷ್ಟಿಯಲ್ಲಿ ಒಳ್ಳೆಯವನಾಗುವುದು ಮೂರನೆಯದು; ಕಾನೂನಿನ ಪಾಲನೆ ನಾಲ್ಕನೆಯದು; ಸಾರ್ವತ್ರಿಕ ನ್ಯಾಯತತ್ತ್ವ ಆರನೆಯದು. ಅವರ ಪ್ರಸಿದ್ಧ ಸಮಸ್ಯೆ ಹೈನ್ಸ್ ಎಂಬವನದು. ಹೆಂಡತಿ ಸಾಯುತ್ತಿದ್ದಾಳೆ, ಔಷಧಿಗೆ 2000 ಡಾಲರ್, ಸಾಲ ಮಾಡಿ ಹೊಂದಿಸಿದ್ದು 1000 ಮಾತ್ರ, ಮಾರುವವನು ಇಳಿಸಲೊಲ್ಲ. ಹೈನ್ಸ್ ಕದಿಯಬಹುದೇ?

ಉಪನ್ಯಾಸಕರು ಕಥೆಯನ್ನು ಸೊಗಸಾಗಿ ಹೇಳಿದರು. ಹಿಂದಿನ ಸಾಲಿನ ಮಕ್ಕಳೂ ಅಲುಗಾಡಲಿಲ್ಲ. ಅನಂತರ ಕೈ ಎತ್ತಿಸಿದರು. ‘ಕದಿಯಲಿ’ ಎಂದವರೇ ಹೆಚ್ಚು. “ಇದು ಮೂರನೆಯ ಹಂತ. ನಂಟಿನ ಕಟ್ಟನ್ನು ಹಳ್ಳಿ ಇನ್ನೂ ದಾಟಿಲ್ಲ” ಎಂದು ತೀರ್ಪಿತ್ತರು.

ನಮ್ಮ ಮೊದಲ ಆಕ್ಷೇಪ ಇಲ್ಲಿಯೇ. ಕೋಲ್‌ಬರ್ಗ್ ಅಂಕ ಕೊಟ್ಟದ್ದು ಉತ್ತರಕ್ಕಲ್ಲ, ಕಾರಣಕ್ಕೆ. ಲೆಕ್ಕದ ಪರೀಕ್ಷೆಯಲ್ಲಿ ಬಿಡಿಸಿದ ಕ್ರಮವನ್ನು ನೋಡದೆ ಕೊನೆಯ ಸಾಲಿಗಷ್ಟೇ ಅಂಕವಿಡುವ ಉಪಾಧ್ಯಾಯನನ್ನು ನಾವು ಯಾರೂ ಮೆಚ್ಚುವುದಿಲ್ಲ. ಎತ್ತಿದ ಕೈ ಕಾರಣವನ್ನು ಹೇಳುವುದಿಲ್ಲ. ಆ ಮೊದಲ ಅಧ್ಯಯನದಲ್ಲಿ ಇದ್ದವರೆಲ್ಲ ಗಂಡುಹುಡುಗರೆಂಬುದನ್ನೂ, ಕ್ಯಾರಲ್ ಗಿಲಿಗನ್ 1982ರಲ್ಲಿ ಅದನ್ನು ಪ್ರಶ್ನಿಸಿದರೆಂಬುದನ್ನೂ ಉಪನ್ಯಾಸಕರು ಎತ್ತಲಿಲ್ಲ.

ದೂರದ ಮಾತೇಕೆ, ಮೈಸೂರಿನ ಉದಾಹರಣೆಯೇ ಇದೆ. ಜೋನ್ ಮಿಲ್ಲರ್ ಮತ್ತು ಅವರ ಸಂಗಡಿಗರು ಮೈಸೂರಿನವರನ್ನೂ ಅಮೆರಿಕದ ನ್ಯೂ ಹೇವನ್ ನಗರದವರನ್ನೂ ಪ್ರಶ್ನಿಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಷ್ಟ ಸಣ್ಣದಾದರೂ ನೆರವಾಗದಿರುವುದು ಕರ್ತವ್ಯಲೋಪವೆಂದು ಮೈಸೂರಿನವರು ಹೆಚ್ಚಾಗಿ ಹೇಳಿದರು. ಅಂತಹ ಕಡೆ ಅದು ಅವರವರ ಇಷ್ಟವೆಂದು ಅಮೆರಿಕದವರು ಹೇಳಿದರು. ನಂಟಿನ ಹೊಣೆಯನ್ನೇ ಧರ್ಮವೆಂದು ಬಗೆಯುವವರನ್ನು ಏಣಿಯ ನಡುವೆ ನಿಂತವರೆನ್ನುವುದು ಹೇಗೆ? ಅವರು ಹತ್ತುತ್ತಿರುವುದು ಬೇರೊಂದು ಏಣಿಯಿರಬಹುದು.

ನಮ್ಮ ಪಕ್ಕದಲ್ಲಿದ್ದ ಹಿರಿಯರೊಬ್ಬರು ಮಾತ್ರ ಕೈ ಎತ್ತಿರಲಿಲ್ಲ. 2000ದ ಜುಲೈ 30ರ ರಾತ್ರಿ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಇದೇ ದೊಡ್ಡಗಾಜನೂರಿನ ಮನೆಯಿಂದ ಕರೆದೊಯ್ದು 108 ದಿನ ಕಾಡಿನಲ್ಲಿರಿಸಿದ್ದನ್ನು ಲೋಕವೆಲ್ಲ ಬಲ್ಲದು. ಅದಕ್ಕೂ ಮುಂಚಿನ ವರ್ಷಗಳಲ್ಲಿ ಕಾಡಂಚಿನ ಮನೆಗಳ ಕದ ಇರುಳಿನಲ್ಲಿ ಬಡಿದರೆ ತೆರೆಯುವುದೂ ಕಷ್ಟ, ತೆರೆಯದಿರುವುದೂ ಕಷ್ಟ. ಅಂತಹ ಒಂದು ಇರುಳು ಈ ಹಿರಿಯರು ಅಪರಿಚಿತರಿಗೆ ಒಂದು ಸೇರು ರಾಗಿ ಅಳೆದು ಕೊಟ್ಟಿದ್ದರು. ಪಕ್ಕದ ಮನೆಯವರು ಕಂಡಿದ್ದರು. ಯಾರಲ್ಲಿಯೂ ಬಾಯಿ ಬಿಡಲಿಲ್ಲ. ಏಕೆ ಕೊಟ್ಟಿರೆಂದು ನಾವು ಕೇಳಿದಾಗ, “ಅಸಿವು ಅಂದ್ರು, ಕೊಟ್ಟೆ ಸಾ. ಎದ್ರಿಕೇನೂ ಇತ್ತು” ಎಂದರು.

ಹೆದರಿಕೆ ಒಂದನೆಯ ಹಂತ. ಹಸಿದವನ ಮೇಲಿನ ಕನಿಕರ ಅದಕ್ಕಿಂತ ಮೇಲಿನದು. ಒಂದೇ ಸೇರಿನಲ್ಲಿ ಎರಡೂ ಇದ್ದರೆ ಅಂಕ ಎಷ್ಟು? ಬಾಯಿ ಬಿಡದ ನೆರೆಯವರಿಗೆ ಎಷ್ಟು? ಹೈನ್ಸನಿಗೆ ಯೋಚಿಸಲು ಹಗಲಾದರೂ ಇತ್ತು. ಉಪನ್ಯಾಸಕರನ್ನು ವಿಮರ್ಶೆಯ ಕೊನೆಯಲ್ಲಿ ಹೀಗೆಯೇ ಕೇಳಿದ್ದೆವು. ಈ ಭಾಗವನ್ನು ತೆಗೆಯಿರೆಂದು ಸಂಚಾಲಕರು ಒತ್ತಾಯಿಸಿದರು. ಹಿರಿಯರನ್ನೇ ಕೇಳಿದೆವು. “ಎಸ್ರು ಬ್ಯಾಡಿ, ಬರೀರಿ” ಎಂದರು. ಉಳಿಸಿದೆವು.

ಅಚ್ಚಿಗೆ ಮುಂಚೆ ಪ್ರತಿಯೊಂದನ್ನು ಉಪನ್ಯಾಸಕರಿಗೆ ಕಳಿಸಿದೆವು. ಕೈ ಎತ್ತಿಸಿ ಹಂತ ಕಟ್ಟಿದ್ದು ಸರಿಯಲ್ಲವೆಂದು ಅವರು ಸಂಕೋಚವಿಲ್ಲದೆ ಒಪ್ಪಿ ಬರೆದರು. ಮೈಸೂರಿನ ವಿಷಯದಲ್ಲಿ ಮಾತ್ರ ತಕರಾರು: ಒಂದು ಊರಿನ ಬಹುಜನ ಧರ್ಮವೆಂದು ನಂಬಿದ ಮಾತ್ರಕ್ಕೆ ಅದು ಧರ್ಮವಾದೀತೇ, ಅಸ್ಪೃಶ್ಯತೆಯನ್ನೂ ಹಾಗೆಯೇ ನಂಬಿದ್ದರಲ್ಲವೇ ಎಂದು ಕೇಳಿದ್ದಾರೆ. ಗಟ್ಟಿ ಪ್ರಶ್ನೆ. ಉತ್ತರವನ್ನು ಬರೆಯತೊಡಗಿದ್ದೇವೆ, ಎರಡು ಪುಟ ಆಗಿದೆ.