ನಲವತ್ತೆಂಟು ಯಜಮಾನರು

ಬಯ್ಯುವುದಕ್ಕೆ ಒಬ್ಬರು ಇರುವುದು ಬಾಳಿನಲ್ಲಿ ಎಷ್ಟು ದೊಡ್ಡ ಅನುಕೂಲವೆಂಬುದು, ಆ ಒಬ್ಬರು ಇಲ್ಲವಾದ ಮೇಲೆಯೇ ತಿಳಿಯುವುದು. ನಾನು ಪಾಠ ಹೇಳುವ ಗುಂಡ್ಲುಪೇಟೆಯಲ್ಲಿ ಈ ಅನುಕೂಲಕ್ಕೆ ಕೊರತೆಯಿಲ್ಲ. ನಲ್ಲಿಯಲ್ಲಿ ನೀರು ಬಾರದಿದ್ದರೆ ಪುರಸಭೆಯನ್ನು ಬಯ್ಯುತ್ತೇವೆ. ಬಾಡಿಗೆ ಮನೆ ಸೋರಿದರೆ ಮನೆಯೊಡೆಯರನ್ನು ಬಯ್ಯುತ್ತೇವೆ. 2009ರಲ್ಲಿ ಬಂಡೀಪುರದ ಕಾಡುದಾರಿಯಲ್ಲಿ ರಾತ್ರಿ ಸಂಚಾರ ನಿಂತಾಗ, ಕೇರಳಕ್ಕೆ ತರಕಾರಿ ಸಾಗಿಸುವ ಲಾರಿಯವರು ಸರ್ಕಾರವನ್ನು ಬಯ್ದರು. ಮಳೆ ತಪ್ಪಿದರೆ ಬೆಟ್ಟದ ಮೇಲಿನ ಹಿಮವದ್ ಗೋಪಾಲಸ್ವಾಮಿಯನ್ನೂ ನಾವು ಬಿಡುವುದಿಲ್ಲ. ಬಯ್ದು ಮುಗಿಸಿ ಒಂದು ಲೋಟ ಕಾಫಿ ಕುಡಿದರೆ ಮನಸ್ಸು ಹಗುರಾಗುತ್ತದೆ.

ಆರು ವರ್ಷಗಳ ಹಿಂದೆ, ಮಕ್ಕಳ ಓದಿಗೆಂದು ಮೈಸೂರಿನಲ್ಲಿ ಒಂದು ಫ್ಲ್ಯಾಟು ಕೊಂಡೆ. ಅಲ್ಲಿಂದ ಗುಂಡ್ಲುಪೇಟೆಗೆ ಸುಮಾರು 60 ಕಿಲೋಮೀಟರು. ನಂಜನಗೂಡು, ಬೇಗೂರುಗಳ ಮೇಲೆ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಆ ಪ್ರಯಾಣದ ಆಯಾಸ ಅಷ್ಟಕ್ಕಷ್ಟೆ. ಆದರೆ ಸಂಜೆ ಮನೆ ತಲಪಿದಾಗ ಲಿಫ್ಟು ಕೆಟ್ಟಿದ್ದರೆ ಯಾರನ್ನು ಬಯ್ಯಬೇಕು? ಮನೆಯೊಡೆಯನನ್ನೇ? ಆತ ನಾನೇ. ಅಷ್ಟೇ ಅಲ್ಲ, ನನ್ನಂತೆಯೇ ಇನ್ನೂ ನಲವತ್ತೇಳು ಮಂದಿ ಒಡೆಯರು ಅದೇ ಲಿಫ್ಟಿನ ಬಾಗಿಲಲ್ಲಿ, ಚೀಲಗಳನ್ನು ಹಿಡಿದುಕೊಂಡು, ಒಬ್ಬರ ಮುಖವನ್ನೊಬ್ಬರು ನೋಡುತ್ತ ನಿಂತಿರುತ್ತಾರೆ.

ಹಿಂದೆ ಮೈಸೂರು, ಬೆಂಗಳೂರುಗಳಲ್ಲಿ ವಠಾರಗಳಿದ್ದುವು. ಒಂದು ಅಂಗಳ, ಒಂದು ಬಾವಿ ಅಥವಾ ನಲ್ಲಿ, ಸಾಲಾಗಿ ಆರೆಂಟು ಬಾಡಿಗೆ ಮನೆಗಳು, ಮುಂಭಾಗದಲ್ಲಿ ಒಡೆಯರ ಮನೆ. ಕೊಡಪಾನ ಮೊದಲಿಟ್ಟವರಾರೆಂಬ ಜಗಳ ಬೆಳಿಗ್ಗೆ ಐದಕ್ಕೇ ಮೊದಲಾಗುತ್ತಿತ್ತು. ಆದರೂ ವಠಾರದವರನ್ನು ಕೂಡಿಸುವ ಒಂದು ಬಲವಾದ ದಾರ ಇದ್ದಿತು: ಮಾಲೀಕರ ಮೇಲಿನ ಅಸಮಾಧಾನ. ಬೆಳಿಗ್ಗೆ ಕೊಡಕ್ಕಾಗಿ ಕಾದಾಡಿದ ಇಬ್ಬರು ಗೃಹಿಣಿಯರು ಸಂಜೆ ಅವರ ಜಿಪುಣತನವನ್ನು ಕುರಿತು ಒಮ್ಮತಕ್ಕೆ ಬರುತ್ತಿದ್ದರು. ಇಂದಿನ ಫ್ಲ್ಯಾಟು, ಒಡೆಯನಿಲ್ಲದ ವಠಾರ. ಅಲ್ಲ, ಒಡೆಯರೇ ತುಂಬಿರುವ ವಠಾರ.

ಕಾಯ್ದೆಯಾದರೂ ಏನು ಹೇಳುತ್ತದೆಂದು ತೆಗೆದು ನೋಡಿದೆ. ಕರ್ನಾಟಕದಲ್ಲಿ ಇದಕ್ಕೆಂದೇ 1972ರ ಅಪಾರ್ಟ್‌ಮೆಂಟ್ ಒಡೆತನದ ಕಾಯ್ದೆ ಇದೆ. ಅದರ ಪ್ರಕಾರ ಬಾಗಿಲಿನೊಳಗಿನ ಮನೆ ನನ್ನೊಬ್ಬನದು. ಆದರೆ ನೆಲ, ಅಡಿಪಾಯ, ಮೆಟ್ಟಿಲು, ತಾರಸಿ, ಲಿಫ್ಟು, ನೀರಿನ ತೊಟ್ಟಿ ಇವೆಲ್ಲ ಎಲ್ಲರವು. ಅವುಗಳಲ್ಲಿ ಪ್ರತಿ ಮನೆಗೂ ಅದರ ಬೆಲೆಗೆ ತಕ್ಕಂತೆ ಶೇಕಡಾ ಇಷ್ಟೆಂದು ಪಾಲುಂಟು. ಪಾಲುಂಟು, ಆದರೆ ಪಾಲು ಕೇಳುವಂತಿಲ್ಲ! ಆ ಪಾಲು ಎಂದೆಂದಿಗೂ ಅವಿಭಜಿತ; ವಿಭಾಗಕ್ಕಾಗಿ ಯಾರೂ ನ್ಯಾಯಾಲಯಕ್ಕೆ ಹೋಗಕೂಡದು. ‘ನಾನು ಲಿಫ್ಟು ಹತ್ತುವವನಲ್ಲ, ಅದರ ಖರ್ಚು ಕೊಡೆ’ ಎನ್ನುವ ಹಾಗೂ ಇಲ್ಲ. ಬಳಸದಿದ್ದರೂ ಕೊಡಬೇಕಾದ್ದನ್ನು ಕೊಡಲೇಬೇಕು.

ಇದನ್ನು ಓದಿದಾಗ ನನಗೆ ನಗು ಬಂತು. ಅಣ್ಣತಮ್ಮಂದಿರೊಡನೆ ಏಗಲಾರದೆ, ಬಚ್ಚಲಿಗೂ ಹಿತ್ತಲಿಗೂ ಗೋಡೆಯೆಬ್ಬಿಸಿ, ಅವಿಭಕ್ತ ಕುಟುಂಬವನ್ನು ಒಡೆದುಕೊಂಡು ಪೇಟೆಗೆ ಬಂದೆವು. ಬಂದು ಲಕ್ಷಗಟ್ಟಲೆ ಸಾಲ ಮಾಡಿ ಕೊಂಡದ್ದೇನು? ಇನ್ನೊಂದು ಅವಿಭಕ್ತ ಕುಟುಂಬ. ಅದರಲ್ಲಿಯೂ ಅಜ್ಜನಿಲ್ಲದ, ಅಜ್ಜಿಯಿಲ್ಲದ, ಹಬ್ಬದೂಟವಿಲ್ಲದ ಕುಟುಂಬ. ಮತ್ತು ಈ ಸಲ ಪಾಲಾಗುವ ದಾರಿಯೂ ಮುಚ್ಚಿದೆ.

ನಾನು ಕನ್ನಡ ಮೇಷ್ಟರೆಂಬ ಒಂದೇ ಕಾರಣದಿಂದ, ಸಂಘದ ಸೂಚನೆಗಳನ್ನು ಕನ್ನಡದಲ್ಲಿ ಬರೆಯುವ ಕೆಲಸ ನನಗೆ ಬಂತು. ಅದರ ಹಿಂದೆಯೇ ಕಾರ್ಯದರ್ಶಿಯ ಪಟ್ಟವೂ ಬಂತು. ಮೊದಲು ಎದುರಾದದ್ದು ‘ಮೇಂಟೆನೆನ್ಸ್’ ಎಂಬ ಪದ. ಅದಕ್ಕೆ ‘ನಿರ್ವಹಣೆ’ ಎನ್ನಬಹುದು. ನ್ಯಾಯಾಲಯದ ಕನ್ನಡದಲ್ಲಿ ಅದೇ ಪದಕ್ಕೆ ‘ಜೀವನಾಂಶ’ ಎಂಬ ಅರ್ಥವೂ ಉಂಟು. ಯೋಚಿಸಿದರೆ ಎರಡನೆಯದೇ ಹೆಚ್ಚು ಸರಿ. ಕಟ್ಟಡವನ್ನು ಕೈಹಿಡಿದದ್ದೂ ನಾವೇ, ಆಮೇಲೆ ಬಾಗಿಲು ಹಾಕಿಕೊಂಡು ಅದನ್ನು ಮರೆತವರೂ ನಾವೇ. ತಿಂಗಳು ತಿಂಗಳು ಕೊಡುವುದು ಜೀವನಾಂಶವಲ್ಲದೆ ಮತ್ತೇನು? ಎಲ್ಲ ಜೀವನಾಂಶದಂತೆ ಅದೂ ಬಾಕಿ ಬೀಳುತ್ತದೆ.

ನಾನು ಕಾರ್ಯದರ್ಶಿಯಾಗಿ ಮೂರು ತಿಂಗಳಾಗಿತ್ತು. ಬಾಕಿದಾರರ ಪಟ್ಟಿಯಲ್ಲಿ ಎಲ್ಲರ ಮೇಲೆ ಇದ್ದವರು ನೆಲಮಹಡಿಯ ಟೀಚರಮ್ಮ. ನಿವೃತ್ತ ಶಿಕ್ಷಕಿ, ಒಬ್ಬರೇ ಇರುವವರು. ಐದು ತಿಂಗಳ ಹಣ ಬಂದಿರಲಿಲ್ಲ. ‘ಅವರ ನೀರಿನ ಸಂಪರ್ಕ ಕತ್ತರಿಸಿ, ತಾನಾಗಿ ಕೊಡುತ್ತಾರೆ’ ಎಂದು ಮೇಲಿನ ಮಹಡಿಯ ಕೆಲವರು ಬರೆದುಕೊಟ್ಟರು. ಕಾಗದ ಹಿಡಿದು ನಾನು ಟೀಚರಮ್ಮನವರ ಮನೆಗೆ ಹೋದೆ. ಕೂರಿಸಿದರು, ಕಾಫಿ ಕೊಟ್ಟರು. ಆಮೇಲೆ ಹೇಳಿದರು:

“ಮೇಷ್ಟ್ರೇ, ಈ ವರ್ಷ ನಾಲ್ಕು ಸಲ ನಿಮ್ಮೆಲ್ಲರ ಸ್ನಾನದ ನೀರು ನನ್ನ ಬಚ್ಚಲಲ್ಲಿ ಉಕ್ಕಿತು. ನಾಲ್ಕು ಸಲವೂ ದೂರಿನ ಪುಸ್ತಕದಲ್ಲಿ ಬರೆದೆ. ಲಿಫ್ಟಿಗೆ ಹೊಸ ಹಗ್ಗ ಬಂತು. ತಾರಸಿಗೆ ಹೊಸ ಗಾರೆ ಬಂತು. ನನ್ನ ಬಚ್ಚಲಿಗೆ ಏನು ಬಂತು? ಬರೆದಾಗ ಯಾರೂ ಬರಲಿಲ್ಲ. ದುಡ್ಡು ನಿಲ್ಲಿಸಿದೆ, ನೀವು ಬಂದಿರಿ.”

ದೂರಿನ ಪುಸ್ತಕ ತೆಗೆದೆ. ಮುದ್ದಾದ ಮೇಷ್ಟರ ಅಕ್ಷರದಲ್ಲಿ ನಾಲ್ಕು ದೂರುಗಳೂ ಇದ್ದುವು. ಕಾರಣವೂ ತಿಳಿಯಿತು, ಅದು ಬರಿಯ ಲೆಕ್ಕ. ನೆಲದ ಮಟ್ಟದಲ್ಲಿ ವಾಹನಗಳಿಗೆ ಜಾಗ ಬಿಟ್ಟು ಉಳಿದ ಮನೆಗಳು ನಾಲ್ಕು, ಮೇಲಿನವು ನಲವತ್ತನಾಲ್ಕು. ಲಿಫ್ಟು ನಿಂತರೆ ನಲವತ್ತನಾಲ್ಕು ಮನೆಗಳಿಗೆ ಕಷ್ಟ. ಚರಂಡಿ ಕಟ್ಟಿಕೊಂಡರೆ ನಾಲ್ಕಕ್ಕೆ. ಕೊಳವೆ ಎಲ್ಲರದು, ಕೊಳಕು ಎಲ್ಲರದು; ಅದು ಉಕ್ಕುವುದು ಮಾತ್ರ ಕೆಳಗಿನವರ ಮನೆಯಲ್ಲಿ. ಕೈಯೆತ್ತಿಸಿ ನಡೆಸುವ ಯಾವ ಸಭೆಯಲ್ಲಿಯೂ ಆ ನಾಲ್ಕು ಮನೆಗಳು ಗೆಲ್ಲುವಂತಿರಲಿಲ್ಲ.

ಮಾರನೆಯ ದಿನ ಬಸ್ಸಿನಲ್ಲಿ ಇದೇ ಯೋಚನೆ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಹಿಂದೆ ಕೆರೆಯ ನೀರು ಹಂಚುವುದಕ್ಕೆ ನೀರುಗಂಟಿ ಇರುತ್ತಿದ್ದ. ಈಗ ನನ್ನ ತರಗತಿಯಲ್ಲಿ ಆ ಮಾತಿನ ಅರ್ಥ ಬಲ್ಲ ಹುಡುಗರು ಕಡಮೆ. ತೂಬು ಎತ್ತುವುದು, ಕಾಲುವೆ ನೋಡುವುದು, ಗದ್ದೆಗೆ ಗದ್ದೆ ಸರದಿಯಲ್ಲಿ ನೀರು ತಿರುಗಿಸುವುದು ಅವನ ಕೆಲಸ. ಸುಗ್ಗಿಯಲ್ಲಿ ರೈತರು ಇಷ್ಟಿಷ್ಟೆಂದು ಧಾನ್ಯ ಅಳೆದು ಕೊಡುತ್ತಿದ್ದರು. ಕಾಲುವೆಯ ತಲೆಯಲ್ಲಿರುವವನಿಗೆ ನೀರು ತಾನಾಗಿ ಸಿಗುತ್ತದೆ. ನೀರುಗಂಟಿ ಬೇಕಾದದ್ದು ಬಾಲದಲ್ಲಿರುವವನಿಗಾಗಿ. ಆದರೆ ಆ ಕಾಲವನ್ನು ಬರಿದೇ ಹೊಗಳಲಾರೆ. ಅನೇಕ ಊರುಗಳಲ್ಲಿ, ಇಡೀ ಊರಿಗೆ ನೀರು ಹಂಚಿದ ಆ ಕೈ ಊರಬಾವಿಯನ್ನು ಮುಟ್ಟುವಂತಿರಲಿಲ್ಲ. ಹಂಚುವುದನ್ನು ಬಲ್ಲ ಊರು, ಯಾರೊಡನೆ ಹಂಚಬೇಕೆಂಬುದನ್ನು ಅರಿತಿರಲಿಲ್ಲ.

ಭಾನುವಾರ ಸರ್ವಸದಸ್ಯರ ಸಭೆ, ವಾಹನ ನಿಲ್ಲಿಸುವ ಜಾಗದಲ್ಲಿ, ಪ್ಲಾಸ್ಟಿಕ್ ಕುರ್ಚಿಗಳ ಮೇಲೆ. ಎಂದಿನಂತೆ ಕೋರಂ ಇಲ್ಲ. ನಮ್ಮ ಬೈಲಾದಂತೆ ಅರ್ಧ ಗಂಟೆ ಮುಂದೂಡಿ, ಬಂದಷ್ಟು ಮಂದಿಯಿಂದಲೇ ಸಭೆ ನಡೆಸಿದೆವು. ಬಂದವರು ಹತ್ತೊಂಬತ್ತು. ನೀರು ಕತ್ತರಿಸುವ ಮಾತು ಮತ್ತೆ ಬಂತು. ನಾನು ಕಾಯ್ದೆ ಓದಿದೆ: ಕೊಡದ ಬಾಕಿ ಆ ಮನೆಯ ಮೇಲೆ ಋಣವಾಗಿ ನಿಲ್ಲುತ್ತದೆ; ತೆರಿಗೆ, ಅಡಮಾನಗಳಂಥ ಕೆಲವನ್ನು ಬಿಟ್ಟರೆ ಮಿಕ್ಕ ಋಣಗಳಿಗಿಂತ ಅದಕ್ಕೇ ಮೊದಲ ಸ್ಥಾನ. ನಮ್ಮ ಹಣ ಎಲ್ಲಿಗೂ ಓಡಿಹೋಗುವುದಿಲ್ಲ. ಕಾಯ್ದೆಗಿರುವ ತಾಳ್ಮೆ ನೆರೆಯವರಿಗೆ ಬೇಡವೇ, ಎಂದೆ. ಯಾರೂ ಕರಗಿದಂತೆ ಕಾಣಲಿಲ್ಲ.

ಆಗ ಮೂರನೆಯ ಮಹಡಿಯ ನಿವೃತ್ತ ಎಂಜಿನಿಯರೊಬ್ಬರು ಎದ್ದು, “ಮಾತು ಸಾಕು ಮೇಷ್ಟ್ರೇ, ಆ ಗುಂಡಿಯನ್ನು ತೋರಿಸಿ” ಎಂದರು. ಸಭೆಗೆ ಸಭೆಯೇ ಟೀಚರಮ್ಮನವರ ಕಿಟಕಿಯ ಕೆಳಗೆ ಹೋಯಿತು. ಚರಂಡಿಯ ಮುಚ್ಚಳ ತೆಗೆಸಿದೆವು. ನನ್ನ ಭಾಷಣ ಮಾಡಲಾರದ್ದನ್ನು ಆ ವಾಸನೆ ಒಂದು ನಿಮಿಷದಲ್ಲಿ ಮಾಡಿತು. ಮೊದಲು ಕೊಳವೆ ಬದಲಾಯಿಸುವುದು, ನೀರು ಯಾರದೂ ಕತ್ತರಿಸಕೂಡದು, ಬಾಕಿಯನ್ನು ಕಂತಿನಲ್ಲಿ ಪಡೆಯುವುದು ಎಂಬ ಠರಾವಿಗೆ ಹನ್ನೆರಡು ಕೈಗಳು ಎದ್ದುವು. ಮಿಕ್ಕವರು ವಿರೋಧಿಸಿದರೆಂದು ಹೇಳಲಾರೆ. ಅವರ ಕೈಗಳು ಮೂಗಿನ ಮೇಲಿದ್ದುವು.

ಕೊಳವೆ ಬದಲಾಯಿತು. ಮೂರೇ ಕಂತಿನಲ್ಲಿ ಬಾಕಿ ಬಂತು, ಲಿಫ್ಟಿನ ಪಾಲೂ ಸೇರಿ. ಅಂದಿನಿಂದ ನನಗೆ ಒಂದು ಮಾತು ಖಚಿತವಾಗಿದೆ. ಎಲ್ಲರೂ ಯಜಮಾನರಾದ ಕಡೆ ಲೆಕ್ಕ ಬರೆಯುವವರು ಸಿಗುತ್ತಾರೆ, ದಂಡ ವಿಧಿಸುವವರೂ ಸಿಗುತ್ತಾರೆ. ಸಿಗದವರು ಬಾಲದ ಗದ್ದೆಯನ್ನು ನೋಡಿ ಬರುವ ನೀರುಗಂಟಿಗಳು. ಯಾರೂ ಮೆಚ್ಚಿ ಮಾಡುವ ಚಾಕರಿಯಲ್ಲ ಅದು. ಸರದಿಯಂತೆ ಪ್ರತಿಯೊಬ್ಬ ಯಜಮಾನನೂ ಹೊರಬೇಕಾದದ್ದು.

ಇನ್ನೊಂದು ಕೆಲಸ ಉಳಿದಿದೆ. ನಮ್ಮ ಲಿಫ್ಟಿನ ಬಾಗಿಲಲ್ಲಿ ‘ಮನೆಗೆಲಸದವರು ಬಳಸಕೂಡದು’ ಎಂಬ ಹಲಗೆಯೊಂದಿದೆ. ನಲವತ್ತೆಂಟು ಮನೆಗಳ ಮುಸುರೆ ತೊಳೆಯುವ ಹೆಂಗಸರು ನಾಲ್ಕು ಮಹಡಿಗಳನ್ನು ಕಾಲಿನಲ್ಲಿಯೇ ಹತ್ತುತ್ತಾರೆ. ಕಾಯ್ದೆಯ ಯಾವ ಶೇಕಡಾದಲ್ಲಿಯೂ ಅವರಿಲ್ಲ. ಯಾವ ಸಭೆಯಲ್ಲಿಯೂ ಅವರಿಗೆ ಎತ್ತಲು ಕೈಯಿಲ್ಲ. ಆ ಹಲಗೆಯನ್ನು ತೆಗೆಯಬೇಕೆಂಬ ಸೂಚನೆ ಮುಂದಿನ ಸಭೆಗೆ ಬರಲಿದೆ. ಮಂಡಿಸುವವರು, ಇದುವರೆಗೆ ಲಿಫ್ಟನ್ನೇ ಹತ್ತದ ಟೀಚರಮ್ಮ. ಅನುಮೋದಿಸುವವನು ನಾನು. ಉಳಿದ ನಲವತ್ತಾರು ಯಜಮಾನರಲ್ಲಿ ಎಷ್ಟು ಮಂದಿ ಬರುತ್ತಾರೋ ನೋಡಬೇಕು.